ಮಾಳಿಗೆಯ ಮೇಲೊಂದು ಗರಡಿ

ಮೈ ದಂಡಿಸುವುದಕ್ಕೆ ಕೈಯಿಂದ ದುಡ್ಡು ಕೊಡುವವರಿದ್ದಾರೆ ಎಂದರೆ ನಮ್ಮ ಮುಶಿಗೇರಿಯ ಕಾಕಾ ಇವತ್ತಿಗೂ ನಂಬುವುದಿಲ್ಲ. ಅವನ ಪ್ರಕಾರ ಮೈ ದಂಡಿಸಿದವನಿಗೆ ದುಡ್ಡು ಬರಬೇಕು, ಅದಕ್ಕೆ ಕೂಲಿ ಅನ್ನುತ್ತಾರೆ. "ನಾ ಹೊಲದಾಗ ಎಡಿ ಹೊಡದ್ರ ನನಗ ರೊಕ್ಕ ಕೊಡ್ತಾರ. ಇವ ಮನ್ಯಾಗ ಕುಂತು ಎದ್ದು, ಕುಂತು ಎದ್ದು ಮಾಡಿ, ತಾನ ತಿಂಗಳಾ ಮೂರು ಸಾವಿರ ಕೊಡ್ತಾನಂತ. ಯಾರರ ಬುದ್ಧಿ ಹೇಳ್ರಿ ಅವಗ!"

'ಇವ' ಎಂದರೆ ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ನೌಕರಿ. ಮನೆಯಿಂದಲೇ ಕೆಲಸ ಎಂದು ಊರಿಗೆ ಬಂದವನ ಜೊತೆ ಒಬ್ಬ ಆನ್‌ಲೈನ್ ಕೋಚ್ ಕೂಡ ಬಂದ, ಮೊಬೈಲಿನೊಳಗೆ ಕೂತು. ಅವನಿಗೆ ಬಸ್ ಚಾರ್ಜು ಬೇಡ, ಹಾಸಿಗೆ ಬೇಡ, ಊಟ ಮೊದಲೇ ಬೇಡ. ತನ್ನ ಊಟ ಬಿಟ್ಟಿದ್ದು ಸಾಲದೆಂದು ನಮ್ಮ ಮನೆಯವರ ಊಟವನ್ನೂ ಬಿಡಿಸಲು ಹೊರಟ.

ಮೊದಲು ಬಂದದ್ದು ಒಂದು ಫಾರ್ಮು. ಬೆಳೆ ವಿಮೆಯಿಂದ ಹಿಡಿದು ಹಾಸ್ಟೆಲ್ ಅರ್ಜಿಯವರೆಗೆ ಓಣಿಯ ಇಂಗ್ಲಿಷ್ ಫಾರ್ಮುಗಳನ್ನೆಲ್ಲ ತುಂಬಿಕೊಡುವ ಕೆಲಸ ನನ್ನ ಪಾಲಿಗೇ ಇರುವುದರಿಂದ ಇದೂ ನನ್ನ ಕೈಗೇ ಬಂತು. ಅಳಿಯ ಸೇರಿದ್ದನ್ನು ನೋಡಿ ಇನ್ನೂ ನಾಲ್ಕು ಮಂದಿಗೆ ಆಸೆ ಹುಟ್ಟಿತ್ತು. ಮೂರು ಸಾವಿರದ ಮಾತು ಬರುವ ತನಕ ಕಾಕಾನೂ ಅವರಲ್ಲಿ ಒಬ್ಬ. "ನಿಮ್ಮ ದಿನಚರಿ ಯಾವುದು? ಸದಾ ಕೂತಿರುವವರು, ಸ್ವಲ್ಪ ಓಡಾಡುವವರು, ಬಹಳ ಓಡಾಡುವವರು" ಎಂದು ಫಾರ್ಮು ಕೇಳುತ್ತಿತ್ತು. ನಾನು ಓದಿ ಹೇಳಿದೆ. ಕಾಕಾ ತುಸು ಯೋಚಿಸಿ, "ಯಾವ ತಿಂಗಳಂದು ಕೇಳಾಕತ್ತಾನ?" ಅಂದ.

ಇಷ್ಟು ಒಳ್ಳೆಯ ಪ್ರಶ್ನೆಗೆ ಆ ಫಾರ್ಮಿನಲ್ಲಿ ಜಾಗವೇ ಇರಲಿಲ್ಲ. ನಮ್ಮದು ಎರೆಭೂಮಿ. ಮೃಗಶಿರಾ ಮಳೆ ಬಿದ್ದರೆ ಹೆಸರು ಬಿತ್ತಬೇಕು, ಎಡೆ ಹೊಡೆಯಬೇಕು, ಬಿಡಿಸಬೇಕು. ಅದು ಮುಗಿಯಿತೆನ್ನುವಾಗ ಹಿಂಗಾರಿಯ ಜೋಳ, ಕಡಲೆ. ಆಗ ಕಾಕಾನಿಗೆ ಬಸ್ಕಿ ಹೊಡಿ ಎಂದು ಹೇಳುವವನು ಬಡಿಸಿಕೊಂಡು ಹೋಗುತ್ತಾನೆ. ಸುಗ್ಗಿ ಮುಗಿದ ಮೇಲೆ ಅದೇ ಕಾಕಾ ಗುಡಿಕಟ್ಟೆಯ ಮೇಲೆ ಕೂತರೆ ಮಳೆಗಾಲಕ್ಕೇ ಏಳುವುದು. ಒಂದೇ ದೇಹಕ್ಕೆ ವರ್ಷದಲ್ಲಿ ಎರಡು ದಿನಚರಿ. ಬೆಂಗಳೂರಿನ ಕೋಚ್‌ನ ಹತ್ತಿರ ಇದ್ದದ್ದು ಹನ್ನೆರಡು ವಾರದ ಒಂದೇ ಪಟ್ಟಿ.

ಊಟದ ಪಟ್ಟಿಯದು ಇನ್ನೂ ಚಂದ. ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ. ಗಜೇಂದ್ರಗಡದ ಸಂತೆಯಲ್ಲಿ ಬ್ರೊಕೊಲಿ ಕೇಳಿದರೆ ಹೂಕೋಸು ಕೊಟ್ಟು, "ಬಿಸಲಿಗೆ ಬೆಳ್ಳಗಾಗೇತಿ, ಒಯ್ರಿ" ಅಂದಾರು. ಏನು ತಿಂದರೂ ಗ್ರಾಮಿನ ಲೆಕ್ಕ ಬೇಕು ಎಂದು ಅಳಿಯ ಅಂಗೈಯಗಲದ ತಕ್ಕಡಿ ತರಿಸಿದ. ನಮ್ಮವ್ವ ರೊಟ್ಟಿ ಬಡಿಯುತ್ತಿದ್ದಳು. ಹಂಚಿನಿಂದ ಇಳಿದ ರೊಟ್ಟಿಯನ್ನು ಅವನು ತಕ್ಕಡಿಯ ಮೇಲಿಟ್ಟ. ರೊಟ್ಟಿ ತಕ್ಕಡಿಗಿಂತ ದೊಡ್ಡದು, ಅಂಕಿ ಕಾಣಲಿಲ್ಲ. ಬಗ್ಗಿ ರೊಟ್ಟಿಯ ಅಂಚು ಎತ್ತಿ ಇಣುಕಿದರೆ ಅಂಕಿ ಬದಲಾಗುತ್ತಿತ್ತು. ಅವ್ವ ಕೈಯ ಹಿಟ್ಟು ಝಾಡಿಸಿಕೊಂಡು, "ಬಂಗಾರ ತೂಗೂದ್ರಾಗ ರೊಟ್ಟಿ ತೂಗತಿ, ನಾಳೆ ಸಾಲ ಕೊಡೂದು ರೊಟ್ಟಿ ಮ್ಯಾಲೇನ?" ಅಂದಳು.

ಅವ್ವನ ಪರವಾಗಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ ಇದೆ. ಆರೋಗ್ಯವಂತ ವಯಸ್ಕರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು ಎಂಬುದು ಅದರ ಲೆಕ್ಕ. 2024ರ ಆಹಾರ ಮಾರ್ಗಸೂಚಿಯಲ್ಲಂತೂ ಪ್ರೋಟೀನ್ ಪುಡಿಯ ಸಹವಾಸ ಬೇಡ ಎಂದೇ ಹೇಳಿದೆ. ಅರವತ್ತು ಕಿಲೋದ ಮನುಷ್ಯನಿಗೆ ಸುಮಾರು ಐವತ್ತು ಗ್ರಾಂ ಆಯಿತು. ನೂರು ಗ್ರಾಂ ಜೋಳದಲ್ಲಿ ಹತ್ತಿರ ಹತ್ತಿರ ಹತ್ತು ಗ್ರಾಂ ಇದೆ, ಅಷ್ಟೇ ಹೆಸರಿನಲ್ಲಿ ಇಪ್ಪತ್ತು ದಾಟುತ್ತದೆ, ಶೇಂಗಾ ಅದಕ್ಕೂ ಕಡಿಮೆ ಇಲ್ಲ. ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೇಲೊಂದು ಬಟ್ಟಲು ಮೊಸರು ಎಂದರೆ ಪಟ್ಟಿ ಮುಗಿದಂತೆಯೇ. ಹೆಸರು ಬೆಳೆದು ಲಾರಿ ತುಂಬಿ ಕಳಿಸುವ ಊರು, ಡಬ್ಬಿಯ ಪುಡಿಯನ್ನು ಕೊರಿಯರ್‌ನಲ್ಲಿ ತರಿಸಿಕೊಳ್ಳುವುದಕ್ಕೆ ಏನನ್ನಬೇಕೋ ನೀವೇ ಹೇಳಿ.

ವ್ಯಾಯಾಮ ಶುರುವಾದದ್ದು ಮಾಳಿಗೆಯ ಮೇಲೆ. ನಮ್ಮ ಮನೆಯ ಮಣ್ಣಿನ ಗೋಡೆಗಳು ಮೊಳಕ್ಕಿಂತ ದಪ್ಪ, ಒಳಗೆ ಬಿಸಿಲೂ ಬರುವುದಿಲ್ಲ, ನೆಟ್‌ವರ್ಕೂ ಬರುವುದಿಲ್ಲ. ಬೆಳಿಗ್ಗೆ ಆರಕ್ಕೆ ಅಳಿಯ ನಿಚ್ಚಣಿಕೆ ಹತ್ತಿ, ಬೆಳಕಿಂಡಿಯ ಪಕ್ಕದಲ್ಲಿ ಮೊಬೈಲ್ ನಿಲ್ಲಿಸಿದ. ಕೋಚ್ ಕಿರುಚಿದ, ಇವನು ಕೈಕಾಲು ಅಗಲಿಸಿ ಜಿಗಿಯತೊಡಗಿದ. ಜಂತಿಯ ಮೇಲೆ ಮಣ್ಣು ಹಾಸಿದ ಮಾಳಿಗೆ ಅದು. ಜಿಗಿದಷ್ಟೂ ಕೆಳಗೆ ಮಣ್ಣು ಉದುರಿ, ಹೆಪ್ಪು ಹಾಕಿಟ್ಟ ಮೊಸರಿನ ಗಡಿಗೆಗೆ ಬಿತ್ತು. "ಮ್ಯಾಳಗಿ ಮ್ಯಾಲೆ ಯಾಂವಲೇ ಅಂವ, ಕುಣ್ಯಾಕತ್ತಾಂವ?" ಎಂದು ಅವ್ವ ಒದರಿದ್ದು ಮೊಬೈಲಿನ ಆಚೆಗೂ ಕೇಳಿತು. ಕೋಚ್ ಅದನ್ನು ಹುರಿದುಂಬಿಸುವ ಕೂಗು ಎಂದುಕೊಂಡು ಹೆಬ್ಬೆರಳು ಎತ್ತಿ ತೋರಿಸಿದ. ಎತ್ತರ ಎಷ್ಟು, ತೂಕ ಎಷ್ಟು, ಸೊಂಟದ ಸುತ್ತಳತೆ ಎಷ್ಟು ಎಂದೆಲ್ಲ ಕೇಳಿದ್ದ ಪುಣ್ಯಾತ್ಮ, ಕಾಲ ಕೆಳಗೆ ಏನಿದೆ ಎಂದು ಕೇಳಿರಲಿಲ್ಲ.

ನಮ್ಮ ಕಡೆಯ ಜಾತ್ರೆಯ ಕುಸ್ತಿ ನೋಡಿದ್ದರೆ ನಿಮಗೆ ಗೊತ್ತು. ಕಣದ ಬದಿಗೆ ಕೂತ ಹಳೆಯ ಪೈಲ್ವಾನರ ಕೆಲಸ ಜೋಡಿ ಹಾಕುವುದು. ಹುಡುಗ ಅಂಗಿ ಕಳಚುತ್ತಲೇ ಕುತ್ತಿಗೆ ನೋಡುತ್ತಾರೆ, ಮೀನಖಂಡ ನೋಡುತ್ತಾರೆ, ಮುಖ್ಯವಾಗಿ ಕಿವಿ ನೋಡುತ್ತಾರೆ. ಕಿವಿ ಮುದುಡಿದ್ದರೆ ಗರಡಿಯ ಮಣ್ಣಿನಲ್ಲಿ ಉರುಳಾಡಿದವನು ಎಂದರ್ಥ. ತೆಂಗಿನಕಾಯಿಯ ಕುಸ್ತಿಗೆ ಯಾರು, ಬೆಳ್ಳಿ ಕಡೆಯ ಕುಸ್ತಿಗೆ ಯಾರು ಎಂಬುದು ಅಲ್ಲಿಯೇ ತೀರ್ಮಾನ. ಜೋಡಿ ತಪ್ಪಿದರೆ ಮಂದಿ ಕೂತಲ್ಲಿಂದಲೇ ಗದ್ದಲ ಎಬ್ಬಿಸುತ್ತಾರೆ. ಈ ಕೋಚುಗಳಿಗೂ ಗಿರಾಕಿಗಳಿಗೂ ಅಂಥ ಜೋಡಿ ಹಾಕುವವರು ಯಾರೂ ಇಲ್ಲ. ಜಾಹೀರಾತಿನಲ್ಲಿ ಯಾರ ಹೊಟ್ಟೆ ಚಪ್ಪಟೆಯಾಗಿದೆಯೋ ಅವರಿಗೆ ದುಡ್ಡು ಹೋಗುತ್ತದೆ, ಅಷ್ಟೇ.

ಹಾಗೆಂದು ದೂರದಿಂದ ಕಲಿಸುವುದೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. 'ಶಾಂತಲಾ', 'ರೂಪದರ್ಶಿ' ಬರೆದ ಕೆ.ವಿ. ಅಯ್ಯರ್ ಅವರನ್ನು ನಾವು ಕಾದಂಬರಿಕಾರ ಎಂದು ನೆನೆಯುತ್ತೇವೆ. ಆದರೆ ಬೆಂಗಳೂರಿಗೆ ಅವರು ಮೊದಲು ವ್ಯಾಯಾಮದ ಗುರು. 1937ರಲ್ಲಿ ಸೂರ್ಯನಮಸ್ಕಾರದ ಮೇಲೆ ಪುಸ್ತಕ ಬರೆದ ಅವರು, ಅಂಚೆಯ ಮೂಲಕವೂ ವ್ಯಾಯಾಮ ಕಲಿಸುತ್ತಿದ್ದರು. ನೆಟ್‌ವರ್ಕ್ ಇಲ್ಲ ಎಂಬ ನೆಪಕ್ಕೆ ಅಲ್ಲಿ ಆಸ್ಪದವಿಲ್ಲ. ಆದರೆ ಅಂಚೆಯವನು ಕಾಗದ ಕೊಟ್ಟು ಹೋಗುತ್ತಾನೆಯೇ ಹೊರತು, ದಂಡ ಹೊಡೆದೆಯಾ ಎಂದು ಕೇಳುತ್ತ ಕಟ್ಟೆಯ ಮೇಲೆ ಕೂರುವುದಿಲ್ಲ. ಕಾಗದದ ವ್ಯಾಯಾಮ ಯಾರೂ ಬೈಯದಿದ್ದರೂ ಏಳುವವರಿಗೆ ಮಾತ್ರ. ಇಂದು ಆ್ಯಪಿನಲ್ಲಿ ಮೊದಲೇ ತುಂಬಿಟ್ಟ ವಿಡಿಯೊ ಕೊಳ್ಳುವವರೂ ಅದೇ ಜಾತಿಯವರಾಗಿದ್ದರೆ ದುಡ್ಡು ದಕ್ಕುತ್ತದೆ. ನನ್ನ ಅಳಿಯ ಆ ಜಾತಿಯವನಲ್ಲ. ಅವನಿಗೆ ದಿನಾ ಬೆಳಿಗ್ಗೆ ಹೆಸರು ಹಿಡಿದು ಬೈಯುವ ಒಬ್ಬ ಮನುಷ್ಯ ಬೇಕು. ಕಿರುಚುವ ಕೋಚ್ ಅವನ ಮಟ್ಟಿಗೆ ಸರಿಯಾದ ಜೋಡಿಯೇ, ಜಾಗವೊಂದು ಅಂಗಳಕ್ಕೆ ಬದಲಾಗಬೇಕಿತ್ತು.

ಪೊಲೀಸ್ ಭರ್ತಿಗೆ ತಯಾರಾಗುತ್ತಿರುವ ಎದುರುಮನೆಯ ಹುಡುಗನದು ಬೇರೆಯೇ ಕಥೆ. ಅವನಿಗೆ ಹೊಟ್ಟೆಯ ಚಿಂತೆ ಇಲ್ಲ, 1600 ಮೀಟರ್ ಆರೂವರೆ ನಿಮಿಷದೊಳಗೆ ಮುಟ್ಟಬೇಕು. ಕತ್ತಲಿರುವಾಗಲೇ ಗಜೇಂದ್ರಗಡದ ರಸ್ತೆ ಹಿಡಿಯುತ್ತಾನೆ. ಓಟದ ವಿಡಿಯೊ ಕಳಿಸಿದರೆ, ಹೆಜ್ಜೆ ಎಲ್ಲಿ ತಪ್ಪಿತು, ಕೊನೆಯ ಸುತ್ತಿಗೆ ಎಷ್ಟು ದಮ್ಮು ಉಳಿಸಿಕೊಳ್ಳಬೇಕು ಎಂದು ವಾರಕ್ಕೊಮ್ಮೆ ಹೇಳುವವರಿದ್ದರೆ ಸಾಕು.

ತಮ್ಮನ ಹೆಂಡತಿ ಮತ್ತು ಅವಳ ಓರಗೆಯವರಿಗೆ ಸಿಕ್ಕದ್ದು ಧಾರವಾಡದ ಕಡೆಯ ಒಬ್ಬಾಕೆ. ಮಧ್ಯಾಹ್ನ ಮೂರಕ್ಕೆ ಪಾಠ. ಅಷ್ಟೊತ್ತಿಗೆ ಭಾಂಡೆ ತೊಳೆದಾಗಿರುತ್ತದೆ, ಗಂಡಸರು ಹೊಲದಲ್ಲಿರುತ್ತಾರೆ. ಪಡಸಾಲೆಯ ಕಿಟಕಿಗೆ ಮೊಬೈಲ್ ಆನಿಸಿ, ಕ್ಯಾಮೆರಾ ಬಂದ್ ಮಾಡಿ ನಿಲ್ಲುತ್ತಾರೆ. ಆಕೆ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. "ಉಸಿರು ಒಳಗ ತಗೋರಿ ಅಕ್ಕಾರ, ನಡು ಬಾಗಸಬ್ಯಾಡ್ರಿ" ಅನ್ನುತ್ತಾಳೆ. ಸೀರೆ ಉಟ್ಟುಕೊಂಡೇ ಮಾಡಬಹುದಾದದ್ದನ್ನಷ್ಟೇ ಹೇಳಿಕೊಡುತ್ತಾಳೆ. ನಾನು ಕಂಡ ಕೋಚುಗಳಲ್ಲಿ ಜಾಣೆ ಅವಳೇ.

ಕಾಕಾ ಕೊನೆಗೆ ಮೊಣಕಾಲು ನೋವೆಂದು ಅದೇ ಮೊಬೈಲಿಗೆ ಮುಖ ಒಡ್ಡಿದ. ಎಷ್ಟು ದಿನದಿಂದ ನೋವು, ಕೂತು ಏಳುವಾಗಲೋ ನಡೆಯುವಾಗಲೋ ಎಂದೆಲ್ಲ ಕೇಳಿದ ಆಕೆ, "ಇದು ನನ್ನ ಕೆಲಸ ಅಲ್ರಿ ಯಜಮಾನ್ರ, ಮೊದಲ ಡಾಕ್ಟರ್‌ಗೆ ತೋರಸ್ರಿ. ನೀವು ರೊಕ್ಕ ಕೊಡೂದ ಬ್ಯಾಡ" ಅಂದಳು. ಹೀಗೆ ಜಿಮ್ಮಿನ ಮುಖ ನೋಡದ ಕಾಕಾ ಗದಗಿನ ಜಿಮ್ಸ್ ಆಸ್ಪತ್ರೆಗೆ ಹೋಗಿಬಂದ. "ರೊಕ್ಕ ಬ್ಯಾಡಂದ್ಲು ನೋಡು, ಆಕಿ ಖರೇನ ಉಸ್ತಾದ" ಎಂದು ಈಗ ಕಟ್ಟೆಯ ಮೇಲೆ ಅವಳ ಪುಕ್ಕಟೆ ಪ್ರಚಾರ ನಡೆದಿದೆ.

ನೀವೂ ಕೋಚ್ ಹುಡುಕುತ್ತಿದ್ದರೆ ದುಡ್ಡು ಕಳಿಸುವ ಮೊದಲು ಒಂದು ಫೋನ್ ಮಾಡಿ. "ನಾವು ಜೋಳದ ರೊಟ್ಟಿ ಉಣ್ಣೋ ಮಂದಿರಿ" ಅನ್ನಿ. "ದಿನಕ್ಕ ಎಷ್ಟು, ಜೋಡಿ ಏನು ಪಲ್ಯ?" ಎಂದು ಆ ಕಡೆಯಿಂದ ಪ್ರಶ್ನೆ ಬಂದರೆ ಫೀಸು ಕಟ್ಟಿ. "ರೊಟ್ಟಿ ಬಿಡಬೇಕಾಗುತ್ತೆ" ಎಂದರೆ ಫೋನ್ ಇಟ್ಟು ಊಟಕ್ಕೆ ಏಳಿ.