ಕರಿಬೇವಿನ ದಾಕ್ಷಿಣ್ಯ

ನಮ್ಮ ಅಡುಗೆಮನೆಯ ಗೋಡೆಗೆ ಇರುವುದು ಒಂದೇ ಮೊಳೆ. ಡಿಸೆಂಬರ್ ಕೊನೆಯ ವಾರ ಬಂತೆಂದರೆ ಅದಕ್ಕೆ ಉಮೇದುವಾರರು ಮಾತ್ರ ಕೈಚೀಲದ ತುಂಬ. ಬಂಗಾರದಂಗಡಿಯ ಕ್ಯಾಲೆಂಡರಿನಲ್ಲಿ ಲಕ್ಷ್ಮಿ, ಔಷಧದಂಗಡಿಯದರಲ್ಲಿ ಧನ್ವಂತರಿ, ಸೊಸೈಟಿಯದರಲ್ಲಿ ಕೈಮುಗಿದು ನಿಂತ ಆಡಳಿತ ಮಂಡಳಿ. ಇಷ್ಟೆಲ್ಲ ದೇವತೆಗಳು ಕಣದಲ್ಲಿದ್ದರೂ ವರ್ಷವರ್ಷವೂ ಗೆಲ್ಲುವುದು ನಮ್ಮ ಬೀದಿಯ ಟೈಲರ್ ಕೊಡುವ, ದೇವರೇ ಇಲ್ಲದ ಕ್ಯಾಲೆಂಡರು. ಅದರ ತಾರೀಖಿನ ಮನೆಗಳು ದೊಡ್ಡವು, ಹಾಲಿನ ಲೆಕ್ಕ ಬರೆಯಲು ಜಾಗವಿದೆ. ಈ ವರ್ಷ ಯಾರಿಗೂ ಬೇಸರವಾಗದಿರಲೆಂದು ಎಲ್ಲವನ್ನೂ ಒಂದರ ಮೇಲೊಂದು ಅದೇ ಮೊಳೆಗೆ ತೂಗುಹಾಕಿದೆ. ಸಂಕ್ರಾಂತಿಗೂ ಕಾಯದೆ ಮೊಳೆಯು ಅಂಗೈಯಗಲ ಗಾರೆಯ ಸಮೇತ ಕೆಳಗಿದ್ದ ಮಜ್ಜಿಗೆ ಪಾತ್ರೆಗೆ ಇಳಿಯಿತು. ಮನೆಯಾಕೆ ಏನೂ ಅನ್ನಲಿಲ್ಲ. ಟೈಲರ್ ಕ್ಯಾಲೆಂಡರನ್ನಷ್ಟೇ ಎತ್ತಿ, ಒರೆಸಿ, ಫ್ರಿಜ್ಜಿನ ಹಿಡಿಗೆ ಕಟ್ಟಿದಳು. ದೇವತೆಗಳು ಹೊರಗೆ ಬಿಸಿಲಲ್ಲಿ ಒಣಗಿದವು.

ಆ ಟೈಲರ್ ಅಂಗಡಿಯೆಂದರೆ ಎರಡು ಮೆಷಿನ್ನು, ಒಂದು ಕನ್ನಡಿ, ಹೇಳಿದ ದಿನಕ್ಕೆ ಸಿದ್ಧವಾಗದ ಬಟ್ಟೆಗಳ ಒಂದು ರಾಶಿ. ಪೇಪರಿನಲ್ಲಿ ಜಾಹೀರಾತು ಕೊಟ್ಟ ಆಸಾಮಿಯಲ್ಲ. ಆದರೂ ಅವನ ಹೆಸರು, ಫೋನ್ ನಂಬರು ವರ್ಷವಿಡೀ ನಮ್ಮ ಒಗ್ಗರಣೆಯ ಹೊಗೆ ಕುಡಿಯುತ್ತ ಕೂತಿರುತ್ತವೆ. ಹತ್ತಿರದ ನೆಂಟರಿಗೂ ಸಲೀಸಾಗಿ ಪ್ರವೇಶವಿಲ್ಲದ ಜಾಗ ಅದು. ಪ್ಯಾಂಟಿನ ಕಾಲು ಗಿಡ್ಡ ಮಾಡಿಸಬೇಕಾದಾಗ ಊರಲ್ಲಿ ಬೇರೆ ಟೈಲರ್ ಇದ್ದಾನೆ ಎನ್ನುವುದೇ ನನಗೆ ಹೊಳೆಯುವುದಿಲ್ಲ.

ಅಂದ ಹಾಗೆ, ಈ ಕ್ಯಾಲೆಂಡರುಗಳಲ್ಲಿ ಬಹಳಷ್ಟು ಹುಟ್ಟುವುದು ಪಟಾಕಿಯ ತವರಾದ ಶಿವಕಾಶಿಯಲ್ಲಿ. ತಮಿಳರ ಆಡಿ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದ ಹೊತ್ತಿಗೆ, ಅಲ್ಲಿಯ ಪ್ರೆಸ್ಸಿನವರು ಮುಂದಿನ ವರ್ಷದ ಮಾದರಿಗಳ ಆಲ್ಬಂ ಹೊರತರುತ್ತಾರೆ. ನಮ್ಮ ಮಲೆನಾಡಿನಲ್ಲಿ ಛತ್ರಿ ಇನ್ನೂ ಒಣಗಿರುವುದಿಲ್ಲ, ಆಗಲೇ ಮುಂದಿನ ಯುಗಾದಿ ಯಾವ ದೇವರ ಕೆಳಗೆ ಬರಬೇಕೆಂದು ತೀರ್ಮಾನವಾಗಿರುತ್ತದೆ. ಚಿತ್ರದ ಹಂಗಿಲ್ಲದ ಕ್ಯಾಲೆಂಡರಿನ ಘನತೆಯೂ ನಮಗೆ ಹೊಸದಲ್ಲ. ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು 1921ರಿಂದ ಬರುತ್ತಿದೆ. ಅದನ್ನು ಗೋಡೆಗೆ ಹಾಕುವವರು ತಿಥಿ, ರಾಹುಕಾಲ, ಮುಖ್ಯವಾಗಿ ಸರ್ಕಾರಿ ರಜೆಗಳಿಗಾಗಿ ಹಾಕುತ್ತಾರೆ. ಉಪಯೋಗಕ್ಕೆ ಬರುವ ಕಾಗದವನ್ನು ಯಾರೂ ಹರಿಯುವುದಿಲ್ಲ.

ಇದನ್ನೇ ನಾನು ನನ್ನ ಭಾವಮೈದನಿಗೆ ಹೇಳಿದ್ದು. ಅವನು ಸಾಗರದ ಪೇಟೆಯಲ್ಲಿ ಒಂದು ಪುಟ್ಟ ಅಂಗಡಿ ಇಟ್ಟಿದ್ದಾನೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳಕ, ಜೋನಿಬೆಲ್ಲ, ತೊಡೆದೇವು. ಸರಕಿನಲ್ಲಿ ಕುಂದಿಲ್ಲ. ತಯಾರಿ ಅವನ ಹೆಂಡತಿ, ಅತ್ತೆ ಇಬ್ಬರದು. ಗಲ್ಲಾಪೆಟ್ಟಿಗೆ ಮತ್ತು ಪ್ರಚಾರ ಇವನದು. ಅಂಗಡಿ ತೆರೆದ ಹುರುಪಿನಲ್ಲಿ ಅವನು ತನ್ನದೇ ಮುಖವಿರುವ ದೊಡ್ಡದೊಂದು ಫ್ಲೆಕ್ಸ್ ಕಟ್ಟಿಸಿದ. ರಾಜ್ಯದಲ್ಲಿ ಫ್ಲೆಕ್ಸಿಗೆ 2016ರಲ್ಲೇ ನಿಷೇಧ ಬಂದದ್ದು ಅವನಿಗೆ ನೆನಪಾದದ್ದು ಅದನ್ನು ಬಿಚ್ಚಿಕೊಂಡು ಹೋದ ಮೇಲೆ. ಆಮೇಲೆ ಸಾವಿರಗಟ್ಟಲೆ ಹ್ಯಾಂಡ್‌ಬಿಲ್ ಮಾಡಿಸಿ ಪೇಪರ್ ಹಾಕುವ ಹುಡುಗರಿಗೆ ಕೊಟ್ಟ. ಪೇಪರ್ ಬಿಚ್ಚುವಾಗ ಮಡಿಲಿಗೆ ಬೀಳುವ ಹ್ಯಾಂಡ್‌ಬಿಲ್ಲನ್ನು ನಾವೆಲ್ಲ ಏನು ಮಾಡುತ್ತೇವೆ ಎನ್ನುವುದು ನಿಮಗೆ ಗೊತ್ತೇ ಇದೆ. ಎದುರಿನ ಮಂಡಕ್ಕಿ ಅಂಗಡಿಯಲ್ಲಿ ಅವನಿಗೆ ಅವನದೇ ಹ್ಯಾಂಡ್‌ಬಿಲ್ಲಿನಲ್ಲಿ ಖಾರಮಂಡಕ್ಕಿ ಕಟ್ಟಿಕೊಟ್ಟರು.

“ಭಾವ, ಪ್ರಚಾರಕ್ಕೆ ದುಡ್ಡು ಸುರೀಬೇಕಂತೆ. ನನ್ನ ಹತ್ರ ಸುರಿಯೋಕೆ ಉಳಿದಿರೋದು ಉಪ್ಪಿನಕಾಯಿ ರಸ ಮಾತ್ರ” ಎಂದ.

ಅವನನ್ನು ದಡ ಹತ್ತಿಸಿದ್ದು ನನ್ನ ಉಪದೇಶ ಎಂದು ಬರೆಯಲು ಆಸೆ. ಆದರೆ ಅವನ ಹೆಂಡತಿ ಈ ಬರಹವನ್ನು ಓದುತ್ತಾಳೆ. ಅವಳು ಮಾಡಿದ್ದಿಷ್ಟೇ. ಸಂಜೆ ಐದಕ್ಕೆ, ಆಫೀಸು ಬಿಡುವ ಹೊತ್ತಿಗೆ, ಅಂಗಡಿಯ ಮುಂದೆ ಒಂದು ಸಣ್ಣ ಒಲೆಯಿಟ್ಟು ನಾಲ್ಕು ಹಲಸಿನ ಹಪ್ಪಳ ಕರಿಯತೊಡಗಿದಳು. ಜುಲೈ ತಿಂಗಳ ಮಳೆ, ಕೊಬ್ಬರಿ ಎಣ್ಣೆ, ಹಲಸಿನ ಹಪ್ಪಳ. ಈ ಮೂರೂ ಸೇರಿದ ವಾಸನೆಯನ್ನು ದಾಟಿ ಬಸ್ ಸ್ಟ್ಯಾಂಡಿಗೆ ಹೋಗುವ ಗಂಡಸು ನಮ್ಮ ತಾಲ್ಲೂಕಿನಲ್ಲಿಲ್ಲ. ಕರಿದದ್ದನ್ನು ಮುರಿದು ತುಂಡು ತುಂಡಾಗಿ ಹಂಚುವುದು, ಕೊಳ್ಳದವರಿಗೂ ಕೊಡುವುದು. ಕೊಬ್ಬರಿ ಎಣ್ಣೆಯ ಈಗಿನ ದರ ನೆನೆದು ಅವನ ಎದೆ ಒಂದೊಂದು ಹಪ್ಪಳಕ್ಕೂ ಉಬ್ಬಿ ಇಳಿಯುತ್ತಿತ್ತಂತೆ. ಆದರೆ ಅವಳು ಒಂದು ದಿನವೂ ತಪ್ಪಿಸಲಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಆ ತಪ್ಪಿಸದಿರುವಿಕೆ. ಗಿರಾಕಿ ಇಲ್ಲದ ದಿನವೂ ಐದಕ್ಕೆ ಹೊಗೆ ಏಳಬೇಕು. ನಮ್ಮಲ್ಲಿ ಬಹುತೇಕ ಅಂಗಡಿಯವರು ವ್ಯಾಪಾರ ಬಿದ್ದಾಗ ಪ್ರಚಾರಕ್ಕೆ ಓಡುತ್ತಾರೆ, ಎದ್ದಾಗ ಮರೆಯುತ್ತಾರೆ. ನಾನು ವಾಕಿಂಗ್ ಮಾಡುವುದೂ ಇದೇ ಕ್ರಮದಲ್ಲಿ. ಡಾಕ್ಟರು ಹೆದರಿಸಿದ ವಾರ ನನ್ನಷ್ಟು ಚುರುಕಾಗಿ ಕೆರೆ ಏರಿ ಸುತ್ತುವವರು ಇನ್ನೊಬ್ಬರಿಲ್ಲ.

ಕೊಡುವ ವಿಚಾರ ಬಂತಲ್ಲ. ನಮ್ಮ ಬೀದಿಗೆ ತರಕಾರಿ ಗಾಡಿ ತರುವ ಅಕ್ಕ ಒಬ್ಬಳಿದ್ದಾಳೆ. ಮಾರುಕಟ್ಟೆ ಶಾಸ್ತ್ರ ಕಲಿಸುವ ಕಾಲೇಜುಗಳು ಅವಳನ್ನು ಒಮ್ಮೆ ಕರೆಸಿ ಭಾಷಣ ಮಾಡಿಸಬೇಕು, ಭಾಷಣ ಮುಗಿದ ಮೇಲೆ ಮಕ್ಕಳಿಗೆ ಒಂದೊಂದು ಎಸಳು ಕರಿಬೇವು ಹಂಚಿಸಬೇಕು. ತೂಕವೆಲ್ಲ ಆದ ಮೇಲೆ, ನಾವು ಕೇಳುವ ಮೊದಲೇ, ಒಂದು ಹಿಡಿ ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ ಚೀಲಕ್ಕೆ ಬೀಳುತ್ತದೆ. ಆ ಕೊಸರಿನ ಬೆಲೆ ಎಷ್ಟಿದ್ದೀತು! ಆದರೆ ಅದು ನನ್ನ ಮೇಲೆ ಹೊರಿಸುವ ದಾಕ್ಷಿಣ್ಯದ ಭಾರ ತೂಗಲು ಅವಳ ತಕ್ಕಡಿ ಸಾಲದು. ಅಪರೂಪಕ್ಕೆ ಸೂಪರ್ ಮಾರ್ಕೆಟ್ಟಿನಿಂದ ತರಕಾರಿ ತಂದರೆ ನಾನು ಹಿಂದಿನ ಗಲ್ಲಿಯಿಂದ ಮನೆ ಸೇರುತ್ತೇನೆ. ಅಲ್ಲಿ ಒಂದು ಕಚ್ಚುವ ನಾಯಿ ಇದೆ. ಅಕ್ಕನ ಮುಖ ನೋಡುವುದಕ್ಕಿಂತ ಅದೇ ವಾಸಿ.

ಕೊಸರಿಗಿಂತಲೂ ದೊಡ್ಡ ವಿದ್ಯೆ ಅವಳ ಬಾಯಲ್ಲಿದೆ. “ಇವತ್ತು ಸೊಪ್ಪು ಬೇಡ ಬಿಡಿ ಯಜಮಾನ್ರೆ, ಬಾಡೈತೆ. ನಾಳೆ ಹೊಸದು ತರ್ತೀನಿ” ಎಂದುಬಿಡುತ್ತಾಳೆ. ಬೇಡ ಎಂದವಳ ಕೈಯಿಂದಲೇ ನಾನು ಮಿಕ್ಕ ದಿನಗಳಲ್ಲಿ ಮುಟ್ಟಿ ನೋಡದೆ ಸೊಪ್ಪು ತರುತ್ತೇನೆ. “ಅಮ್ಮೋರ ಮಂಡಿ ನೋವು ಹೆಂಗೈತೆ?” ಎನ್ನುವುದು ಇನ್ನೊಂದು. ದೊಡ್ಡ ಕಂಪನಿಗಳು ಇಂಥ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ತುಂಬಿಟ್ಟು ಹುಟ್ಟಿದ ಹಬ್ಬಕ್ಕೆ ಮೆಸೇಜು ಕಳಿಸುತ್ತವೆ. ಅದನ್ನು ಓದುವ ನನ್ನ ಮುಖದಲ್ಲಿ ನಗೆ ಮೂಡಿದ್ದನ್ನು ಇದುವರೆಗೆ ಯಾರೂ ನೋಡಿಲ್ಲ.

ನಿಜವನ್ನು ಬಾಗಿಲಿಗೆ ನೇತುಹಾಕುವುದೂ ಒಂದು ಪ್ರಚಾರವೇ. ಬೆಂಗಳೂರಿನ ಎಂ.ಟಿ.ಆರ್. ಅನ್ನು ಪರಂಪಳ್ಳಿ ಯಜ್ಞನಾರಾಯಣ ಮಯ್ಯರು ಅಣ್ಣತಮ್ಮಂದಿರೊಡನೆ 1924ರಲ್ಲಿ ಶುರುಮಾಡಿದಾಗ ಅದೂ ಒಂದು ಸಣ್ಣ ಹೋಟೆಲೇ. ಗಿರಾಕಿಗಳು ಅಡುಗೆಮನೆಯ ಶುಚಿಯನ್ನು ಕಣ್ಣಾರೆ ನೋಡಿಕೊಂಡು ಊಟಕ್ಕೆ ಕೂರುವ ಪದ್ಧತಿಯನ್ನು ಅವರು ತಂದರು. ಖರ್ಚೇನು? ಬಾಗಿಲು ತೆರೆದಿಡುವುದು. ನಮ್ಮೂರಿನ ಎಷ್ಟೋ ಹೋಟೆಲುಗಳಿಗೆ ಇದೇ ಅತ್ಯಂತ ದುಬಾರಿ ಖರ್ಚು ಎನ್ನುವುದು ಬೇರೆ ಮಾತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿ ಊಟಗಳ ದರವನ್ನು ಬಿಗಿಯಾಗಿ ಇಳಿಸಿದಾಗ, ಅಲ್ಲಿಯವರು ರುಚಿ ಕೆಡಿಸದೆ ನಷ್ಟಕ್ಕೇ ಬಡಿಸಿ, ಆಯಾ ದಿನದ ನಷ್ಟವೆಷ್ಟೆಂದು ಹೊರಗೆ ಬೋರ್ಡಿನಲ್ಲಿ ಬರೆದು ಹಾಕುತ್ತಿದ್ದರು. ಕೊನೆಗೆ ಹೋಟೆಲನ್ನೇ ಕೆಲಕಾಲ ಮುಚ್ಚಬೇಕಾಯಿತು; ಪುಡಿಗಳು, ದಿಢೀರ್ ತಿಂಡಿಗಳ ವ್ಯಾಪಾರಕ್ಕೆ ಅವರು ಇಳಿದದ್ದು ಆಗಲೇ. ಅಂಗಡಿ ಬೋರ್ಡೆಂದರೆ ‘ಇಂದು ನಗದು, ನಾಳೆ ಉದ್ರಿ’ ಎಂದಷ್ಟೇ ಬರೆಯಲು ಗೊತ್ತಿರುವ ನಾವು ಆ ಬೋರ್ಡಿಗೊಂದು ನಮಸ್ಕಾರ ಹಾಕಬೇಕು.

ಬೋರ್ಡೂ ಇಲ್ಲದೆ, ಅಂಗಡಿಯೂ ಇಲ್ಲದೆ ಮಾರಿದವರು ಗಳಗನಾಥರು. ‘ಮಾಧವ ಕರುಣಾವಿಲಾಸ’ದಂಥ ಕಾದಂಬರಿಗಳನ್ನು ಬರೆದ ಕೈಯಲ್ಲೇ ಪುಸ್ತಕದ ಗಂಟು ಎತ್ತಿ ತಲೆಯ ಮೇಲಿಟ್ಟುಕೊಂಡು ಊರೂರು ತಿರುಗಿದರು. ಓದುಗನ ಮನೆಯ ಜಗಲಿಯಲ್ಲಿ ಲೇಖಕನೇ ಬಂದು ಬೆವರೊರೆಸಿಕೊಂಡು ಕೂತರೆ ಪುಸ್ತಕ ಬೇಡವೆನ್ನುವುದು ಹೇಗೆ? ನನ್ನದೂ ಒಂದು ಪ್ರಬಂಧ ಸಂಕಲನ ಅಚ್ಚಾಗಿದೆ. ಅದರ ಬಹುಪಾಲು ಪ್ರತಿಗಳು ನಮ್ಮ ಅಟ್ಟದಲ್ಲಿ, ಇಲಿಗಳ ನಿಕಟ ಸಾಹಚರ್ಯದಲ್ಲಿವೆ. ತಲೆಯ ಮೇಲೆ ಹೊರುವುದಿರಲಿ, ಪಕ್ಕದ ಮನೆಗೆ ಒಂದು ಪ್ರತಿ ಕೈಯಲ್ಲಿ ಹಿಡಿದುಕೊಂಡು ಹೋಗಲು ನನಗೆ ಸಂಕೋಚ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊಬೈಲು ಬಂದ ಮೇಲೆ ಹೊರೆ ಹೊರುವ ಕಷ್ಟ ತಪ್ಪಿದೆ. ಭಾವಮೈದ ವಾಟ್ಸಾಪ್ ಸ್ಟೇಟಸ್ಸಿಗೆ ಮೊದಲು ದಿನಾ ಒಂದು ಗುಲಾಬಿ, ಒಂದು ‘ಶುಭೋದಯ’ ಹಾಕುತ್ತಿದ್ದ. ನಾನೇ ಅವನನ್ನು ಮ್ಯೂಟ್ ಮಾಡಿದ್ದೆ. ಆಮೇಲೆ ಅವನ ಮಗಳು ಗುಲಾಬಿ ಬಿಡಿಸಿ, ಆ ದಿನ ಅಂಗಡಿಗೆ ಬಂದದ್ದರ ಫೋಟೋ ಹಾಕುವುದನ್ನು ರೂಢಿ ಮಾಡಿಸಿದಳು. ಅಂಗಳದ ಚಾಪೆಯ ಮೇಲೆ ಒಣಗುತ್ತಿರುವ ಹಪ್ಪಳ, ಅದನ್ನು ಕಾಯುತ್ತಿರುವ ಅಜ್ಜಿ, ಅಜ್ಜಿಯ ಕೈಯಲ್ಲಿ ಕಾಗೆ ಓಡಿಸುವ ಕೋಲು. ಕೆಳಗೆ ‘ಶನಿವಾರ ಸಿಗುತ್ತದೆ’ ಎಂಬ ಒಂದು ಸಾಲು. ಆ ಹಪ್ಪಳ ಶನಿವಾರ ಮಧ್ಯಾಹ್ನಕ್ಕೇ ಮುಗಿಯಿತು. ಕೆಲವರು ಅಜ್ಜಿಯನ್ನು ವಿಚಾರಿಸಲೂ ಬಂದಿದ್ದರು.

ಗೂಗಲ್ ಮ್ಯಾಪಿನ ಕಥೆ ಬೇರೆ. ಅಂಗಡಿಯ ಹೆಸರು ಸೇರಿಸಲು ಅದಕ್ಕೆ ಒಂದು ಪೈಸೆ ಕೊಡಬೇಕಿಲ್ಲ. ಇವನು ಸೇರಿಸಿದ, ಆದರೆ ಅದನ್ನು ಮಾಡಿದ್ದು ಯಾವುದೋ ಗೃಹಪ್ರವೇಶದ ಊಟದ ಸಾಲಿನಲ್ಲಿ ಕೂತು. ಅಂಗಡಿಯ ಗುರುತು ಹೋಗಿ ಕುಳಿತದ್ದು ಊರಾಚೆಯ ಅಡಿಕೆ ತೋಟವೊಂದರಲ್ಲಿ. ಸಾಗರದಿಂದ ಜೋಗ ಸುಮಾರು 30 ಕಿಲೋಮೀಟರು. ಮಳೆಗಾಲದಲ್ಲಿ ಬೆಂಗಳೂರಿನ ಕಾರುಗಳು ಸಾಲಾಗಿ ಬರುತ್ತವೆ. ಸಿಗಂದೂರಿಗೆ 2025ರ ಜುಲೈಯಲ್ಲಿ ಸೇತುವೆಯಾದ ಮೇಲಂತೂ ಲಾಂಚಿಗೆ ಕಾಯುವ ತಾಪತ್ರಯವಿಲ್ಲ, ಕೈಯಲ್ಲಿ ಸಮಯ, ಹೊಟ್ಟೆಯಲ್ಲಿ ಹಸಿವು ಎರಡೂ ಇರುವ ಜನ. ಅಂಥದೊಂದು ಕುಟುಂಬ ಮ್ಯಾಪು ಹಿಡಿದು ತೋಟದ ಮನೆಗೇ ನುಗ್ಗಿತು. ತೋಟದ ಯಜಮಾನರು ಕಾಫಿ ಕೊಟ್ಟು, ಉಭಯಕುಶಲೋಪರಿಯಾಗಿ, ಕೊನೆಗೆ ತಮ್ಮ ಮನೆಯದೇ ಒಂದು ಭರಣಿ ಮಿಡಿ ಉಪ್ಪಿನಕಾಯಿ ಮಾರಿ ಕಳಿಸಿದರು. ಸುದ್ದಿ ತಿಳಿದ ಸಂಜೆಯೇ ಗುರುತು ಸ್ವಸ್ಥಾನಕ್ಕೆ ಮರಳಿತು. ತೆರೆಯುವ ಹೊತ್ತು, ಮುಚ್ಚುವ ಹೊತ್ತು, ವಾರದ ರಜೆ ಎಲ್ಲವೂ ಸರಿಯಾಗಿ ಸೇರಿದವು. ರಜೆಯ ದಿನ ಅಂಗಡಿ ತೆರೆದಿದೆ ಎಂದು ಮ್ಯಾಪು ಸುಳ್ಳು ಹೇಳಿದರೆ ಬಾಗಿಲವರೆಗೆ ಬಂದು ಹೋದವನ ಶಾಪ ಮ್ಯಾಪಿಗೆ ತಟ್ಟುವುದಿಲ್ಲ.

ಅವನೇ ಕಂಡುಹಿಡಿದ ಉಪಾಯವೂ ಒಂದಿದೆ. ದುಡ್ಡು ಬಂದದ್ದನ್ನು ಕೂಗಿ ಹೇಳುವ ಡಬ್ಬಿ ಈಗ ಎಲ್ಲ ಅಂಗಡಿಯಲ್ಲೂ ಇದೆಯಷ್ಟೆ. ಬೋಣಿಯಾಗದ ಬೆಳಗ್ಗೆ ಇವನು ಹೆಂಡತಿಯ ಫೋನಿನಿಂದ ತನ್ನ ಅಂಗಡಿಗೇ ಒಂದು ರೂಪಾಯಿ ಕಳಿಸುತ್ತಾನೆ. ಡಬ್ಬಿ ಕೂಗುತ್ತದೆ, ಪಕ್ಕದಂಗಡಿಯವರು ಕತ್ತು ಚಾಚುತ್ತಾರೆ, ದಾರಿಹೋಕರು ನಿಂತು ನೋಡುತ್ತಾರೆ. ‘ಒಂದು ರೂಪಾಯಿ’ ಎನ್ನುವುದೂ ಅಷ್ಟೇ ಸ್ಪಷ್ಟವಾಗಿ ಕೇಳುತ್ತದೆ ಎಂದು ನಾನು ಅವನಿಗಿನ್ನೂ ಹೇಳಿಲ್ಲ.

ಉಪ್ಪಿನಕಾಯಿ ಬಾಟಲಿಯ ಮೇಲಿನ ಚೀಟಿಯಲ್ಲಿ ಫೋನ್ ನಂಬರನ್ನು ದೊಡ್ಡದಾಗಿ ಬರೆಸಿದ್ದೊಂದು ನನ್ನ ಸಲಹೆ. ಉಪ್ಪಿನಕಾಯಿ ತಿಂಗಳಿಗೆ ಮುಗಿದೀತು, ಬಾಟಲಿಗೆ ನಮ್ಮ ಮನೆಗಳಲ್ಲಿ ಮರಣವಿಲ್ಲ. ಮುಂದೆ ಅದರಲ್ಲಿ ಜೀರಿಗೆ, ಆಮೇಲೆ ಮೆಂತ್ಯ, ವೃದ್ಧಾಪ್ಯದಲ್ಲಿ ಗುಂಡಿ ಸೂಜಿ. ಚೀಟಿ ನೀರಿಗೆ ಬಿಡದ ಅಂಟಿನದಾಗಿರಬೇಕು, ಅಷ್ಟೆ. ರಾಮನವಮಿಗೆ ಅಂಗಡಿ ಮುಂದೆ ಪಾನಕ ಕೋಸಂಬರಿ ಹಂಚುವುದು, ದೀಪಾವಳಿಯ ಅಂಗಡಿ ಪೂಜೆಗೆ ಗಿರಾಕಿಗಳನ್ನು ಹೆಸರು ಹಿಡಿದು ಕರೆಯುವುದು ಇವನ್ನೆಲ್ಲ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಅಜ್ಜನೂ ಮಾಡುತ್ತಿದ್ದ.

ಈಗ ಅಟ್ಟದ ಪುಸ್ತಕಗಳ ವಿಷಯ. ಅವನಿಗೆ ನನ್ನ ಮೇಲೆ ಕನಿಕರ ಬಂತೋ, ಋಣ ತೀರಿಸಬೇಕೆನ್ನಿಸಿತೋ, ಎರಡು ಕಟ್ಟು ಎತ್ತಿಕೊಂಡು ಹೋಗಿ ಗಲ್ಲಾಪೆಟ್ಟಿಗೆಯ ಪಕ್ಕ ಜೋಡಿಸಿದ. ನಾನು ಉಬ್ಬಿಹೋದೆ. ಹೊಸ ಜನ, ಹೊಸ ಓದುಗರು, ಯಾರು ಕಂಡರು! ಕೆಲವು ದಿನಗಳಾದ ಮೇಲೆ ಅವನ ಫೋನು.

“ಭಾವ, ನಿಮ್ಮ ಪುಸ್ತಕ ಚೆನ್ನಾಗಿ ಹೋಗ್ತಾ ಇದೆ.”

“ಹೌದಾ! ಎಷ್ಟಕ್ಕೆ ಕೊಡ್ತಿದೀಯ?”

“ಮಾರ್ತಾ ಇಲ್ಲ ಭಾವ. ಒಂದು ಕೇಜಿ ಅಪ್ಪೆಮಿಡಿ ತಗೊಂಡವರಿಗೆ ಕೊಸರು.”

ಗಂಟಲು ಸರಿಮಾಡಿಕೊಂಡು, “ಓದಿದವರು ಏನಂತಾರೆ?” ಎಂದು ಕೇಳಿದೆ.

“ನಿನ್ನೆ ಒಬ್ರು ವಾಪಸ್ ಬಂದಿದ್ರು. ಪುಸ್ತಕ ಇಟ್ಕೊಳ್ಳಿ, ಅದರ ಬದಲು ನಾಲ್ಕು ಬಾಳಕ ಕೊಡಿ ಅಂದ್ರು.”

“ಕೊಟ್ಯಾ?”

“ಬಾಳಕ ದುಬಾರಿ ಭಾವ. ಇನ್ನೊಂದು ಪುಸ್ತಕ ಕೊಟ್ಟು ಕಳಿಸ್ದೆ.”