ಲೀಕ್ ರಾಯರು

ಹಳೇ ಬೈಕು ಇಟ್ಟುಕೊಂಡವರಲ್ಲಿ ಎರಡು ಪಂಗಡ. ಪೆಟ್ರೋಲ್ ಸೋರಿದರೆ ರಿಪೇರಿ ಮಾಡಿಸುವವರು ಒಂದು, ಸಂಶೋಧನೆ ಮಾಡುವವರು ಇನ್ನೊಂದು. ಕೋಲ್ಕತ್ತದ ಲೇಕ್ ಮಾರ್ಕೆಟ್ ಬಳಿ ಇರುವ ನಮ್ಮ ರಾಯರು ಎರಡನೇ ಪಂಗಡದ ಪೀಠಾಧಿಪತಿಗಳು. ಮೂಲತಃ ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮಗಳ ಸಂಸಾರ ಇಲ್ಲಿದೆಯೆಂದು ಇಲ್ಲೇ ನಿಂತರು. ದಕ್ಷಿಣದವರು ತಲೆಮಾರುಗಳಿಂದ ನೆಲೆಸಿರುವ ಈ ಕಡೆ ಬಾಳೆಎಲೆ, ಕರಿಬೇವು, ಕಾಫಿಪುಡಿ ಯಾವುದಕ್ಕೂ ತತ್ವಾರವಿಲ್ಲ. ಇಲ್ಲದ್ದು ಯೆಜ್ಡಿ ಒಂದೇ. ರಾಯರು ತಮ್ಮದನ್ನು ಊರಿನಿಂದ ತರಿಸಿಕೊಂಡರು.

ಗಾಡಿ ಯಶವಂತಪುರದಿಂದ ಹೌರಾಕ್ಕೆ ರೈಲಿನಲ್ಲಿ ಪಾರ್ಸೆಲ್ ಆಗಿ ಬಂತು. ಬುಕ್ ಮಾಡುವ ಮುಂಚೆ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಿಸುವುದು ರೈಲ್ವೆಯ ನಿಯಮ. ಆ ಬೈಕು ಒಂದು ತೊಟ್ಟೂ ಸೋರದೆ ಅಷ್ಟು ದೂರ ಸಾಗಿದ್ದು ಅದೊಂದೇ ಸಲ.

ಇಲ್ಲಿ ರಾಯರಿಗೆ ಮೊದಲು ಎದುರಾದ ಕಷ್ಟ ಲೀಕಿನದಲ್ಲ, ಗುರುತಿನದು. ಬೀದಿಯವರು ಬಂದು "ಬುಲೆಟ್, ದಾದಾ?" ಎಂದು ಕೇಳುತ್ತಿದ್ದರು. ಬಿಳಿ ಸಮವಸ್ತ್ರದ ಟ್ರಾಫಿಕ್ ಸಾರ್ಜೆಂಟರು ಕೆಂಪು ಬುಲೆಟ್ಟಿನಲ್ಲಿ ಓಡಾಡುವುದನ್ನು ನೋಡುತ್ತ ಬೆಳೆದ ಜನ. ಸದ್ದು ಮಾಡುವ ಹಳೇ ಬೈಕೆಲ್ಲ ಅವರಿಗೆ ಬುಲೆಟ್ಟೇ. ಕೇಳಿದವರು ಅರ್ಧ ಗಂಟೆ ಕಳೆದುಕೊಳ್ಳುತ್ತಿದ್ದರು. ಇರಾನಿ ಮನೆತನದವರು 1960ರಲ್ಲಿ ಕಟ್ಟಿದ ಐಡಿಯಲ್ ಜಾವಾ, ಯಾದವಗಿರಿಯ ಕಾರ್ಖಾನೆ, ಉದ್ಘಾಟನೆಗೆ ಜಯಚಾಮರಾಜ ಒಡೆಯರು, 1973ರಲ್ಲಿ ಯೆಜ್ಡಿ ಎಂಬ ನಾಮಕರಣ, 1978ರಲ್ಲಿ ರೋಡ್‌ಕಿಂಗ್ ಅವತಾರ, ಹೀಗೆ ಪುರಾಣ ಸಾಗುತ್ತಿತ್ತು. 1996ಕ್ಕೆ ಬಂದಾಗ ಕಾರ್ಖಾನೆಗೆ ಬೀಗ ಬೀಳುತ್ತಿತ್ತು, ರಾಯರ ಗಂಟಲೂ ಕಟ್ಟುತ್ತಿತ್ತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮರುಹುಟ್ಟು ಪಡೆದದ್ದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. "ನಮ್ಮದರಲ್ಲಿ ಕಿಕ್ಕರ್ ಹೊಡೆದು ಅದನ್ನೇ ಮಡಚಿದರೆ ಗೇರು ಕಣ್ರೀ. ಒಂದು ಸರಳಿಗೆ ಎರಡು ಉದ್ಯೋಗ. ಈಗಿನವರಿಗೆ ಬಟನ್ ಒತ್ತೋಕೂ ಬೇಜಾರು."

ಇಂಥ ಗಾಡಿ ಮಳೆಗಾಲದಲ್ಲಿ ಸೋರಲು ಶುರುಮಾಡಿತು. ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಟ್ಯಾಂಕಿಗೆ ಹಾಕಬೇಕು. ಸೋರಿದ ಪೆಟ್ರೋಲ್ ಗಾಳಿಗೆ ಹಾರಿಹೋದರೂ ಆಯಿಲ್ ಹಾರುವುದಿಲ್ಲ, ನೆಲದ ಮೇಲೆ ಸಾಕ್ಷಿಯಾಗಿ ಉಳಿಯುತ್ತದೆ. ಬೆಳಿಗ್ಗೆ ಆ ಕಲೆ ಕಂಡದ್ದೇ ರಾಯರ ಮುಖದಲ್ಲಿ ನಿವೃತ್ತಿಯ ನಂತರ ನಾವಾರೂ ನೋಡಿರದ ಕಳೆ ಬಂತು.

ಅವರ ಮನೆಯಾಕೆ ಕಿಟಕಿಯಿಂದಲೇ ಪರಿಹಾರ ಹೇಳಿದರು. "ಕಾಕ್ ತಿರುಗಿಸಿ ಒಳಗೆ ಬನ್ರೀ, ಕಾಫಿ ಆರಿಹೋಗುತ್ತೆ."

"ಕಾಕ್ ಮುಚ್ಚಿದ್ರೆ ಲೀಕ್ ನಿಲ್ಲುತ್ತೆ ಕಣೇ. ಕಾರಣ ಸಿಗಲ್ಲ."

ಆಕೆ ಹೇಳಿದ್ದರಲ್ಲಿ ಮೆಕ್ಯಾನಿಕರ ಮೊದಲ ಪಾಠವೇ ಇತ್ತು. ಕಾಕ್ ಮುಚ್ಚಿದ ಮೇಲೂ ಸೋರಿದರೆ ತಪ್ಪು ಟ್ಯಾಂಕಿನದೋ ಕಾಕಿನದೋ. ಸೋರುವುದು ನಿಂತರೆ ಪೈಪಿನದೋ ಕಾರ್ಬುರೇಟರಿನದೋ. ಅರ್ಧ ಪತ್ತೇದಾರಿ ಅಲ್ಲಿಗೆ ಮುಗಿಯುತ್ತದೆ. ರಾಯರಿಗೆ ಇದು ಗೊತ್ತಿಲ್ಲದ್ದಲ್ಲ, ಅಷ್ಟು ಬೇಗ ಮುಗಿಯುವುದು ಬೇಕಿರಲಿಲ್ಲ.

ಕೋಲ್ಕತ್ತದಲ್ಲಿ ಒಬ್ಬ ಮನುಷ್ಯ ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತರೆ ಸಾಕು, ಹತ್ತು ನಿಮಿಷದಲ್ಲಿ ಅಡ್ಡಾ ನೆರೆಯುತ್ತದೆ. ಎದುರು ಮನೆಯ ಜಗಲಿಯಿಂದ ನಿವೃತ್ತ ಪ್ರೊಫೆಸರರು ಇಳಿದು ಬಂದರು. ಮೂಲೆ ಅಂಗಡಿಯಿಂದ ಮಣ್ಣಿನ ಭಾಂಡಗಳಲ್ಲಿ ಚಹಾ ಬಂತು. ಸಿಗರೇಟಿನವರನ್ನು ಮಾತ್ರ ರಾಯರು ಬೀದಿಯ ಆಚೆ ದಡಕ್ಕೆ ಅಟ್ಟಿದರು. ಅವರ ಸಂಶೋಧನೆಯಲ್ಲಿ ನಾನು ಮೆಚ್ಚುವ ಭಾಗ ಇದೊಂದೇ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ತೆವಳಿಕೊಂಡು ಹೋಗಿ ಎಲ್ಲಿಯ ಕಿಡಿಯನ್ನಾದರೂ ಹುಡುಕುತ್ತದೆ. ಹೊರಗಟ್ಟಿಸಿಕೊಂಡವರು ಅಲ್ಲಿಂದಲೇ ಕೂಗಿ ಅಭಿಪ್ರಾಯ ಕೊಟ್ಟರು.

ಒಬ್ಬರು ಟ್ಯಾಂಕಿನ ಬೆಸುಗೆ ಬಿಟ್ಟಿದೆ, ಬಟ್ಟೆಸೋಪು ಉಜ್ಜಿ ಎಂದರು. ಇದು ತಮಾಷೆಯಲ್ಲ, ಸೋಪು ಪೆಟ್ರೋಲಿನಲ್ಲಿ ಕರಗದು. ಹಳ್ಳಿಯ ದಾರಿಯಲ್ಲಿ ಟ್ಯಾಂಕು ತೂತಾದವರನ್ನು ಊರು ಮುಟ್ಟಿಸುವುದೇ ಅದು. ಇನ್ನೊಬ್ಬರು ಬೋರೋಲೀನ್ ಹಚ್ಚಲು ಹೇಳಿದರು. 1929ರಿಂದ ಈ ಊರಿನವರು ಒಡೆದ ತುಟಿಗೂ ತರಚಿದ ಮೊಣಕಾಲಿಗೂ ಅದೇ ಹಸಿರು ಟ್ಯೂಬು ಹಿಂಡುತ್ತ ಬಂದಿದ್ದಾರೆ. ಕಾರ್ಬುರೇಟರನ್ನು ಮಾತ್ರ ಹೊರಗಿಡಲು ಅವರಿಗೆ ಕಾರಣ ಕಾಣಲಿಲ್ಲ.

ರಾಯರು ಎರಡನ್ನೂ ತಳ್ಳಿಹಾಕಿದರು. ಅವರಿಗೆ ದೊಡ್ಡ ಕಾರಣವೇ ಬೇಕು. "ಎಥನಾಲ್," ಎಂದರು. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬಿಡುಗಡೆಯಾದದ್ದು ಬೆಂಗಳೂರಿನಲ್ಲಿ. "ನೋಡಿ, ನಮ್ಮೂರಿನಿಂದಲೇ ನನಗೆ ಬಂತು ಗ್ರಹಚಾರ." ಮಾತಿನಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಎಥನಾಲ್ ಹಳೇ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಈ ಊರಿನ ಗಾಳಿಯಲ್ಲಿ ತೇವಕ್ಕೇನು ಬರ? ಆದರೆ ಪೈಪು ಹೊಸದು, ರಾಯರೇ ಹಾಕಿಸಿದ್ದು. ಅದನ್ನು ಪ್ರೊಫೆಸರರು ನೆನಪಿಸಿದಾಗ ಅವರು ಕೇಳಿಸಿಕೊಳ್ಳಲಿಲ್ಲ.

ಮರುದಿನ ಪೌಡರ್ ಪರೀಕ್ಷೆ. ಕಾರ್ಬುರೇಟರನ್ನು ಒಣಗಿಸಿ ಒರೆಸಿ, ಮೇಲೆ ಟಾಲ್ಕಂ ಪೌಡರ್ ಉದುರಿಸಿದರೆ ತೇವ ಎಲ್ಲಿಂದ ಹೊರಟಿತೋ ಅಲ್ಲಿ ಗೆರೆ ಮೂಡುತ್ತದೆ. ನಿಜವಾಗಿ ನಡೆಯುವ ಉಪಾಯ. ಮೂಡಿದ ಗೆರೆ ಓವರ್‌ಫ್ಲೋ ಪೈಪಿನ ತುದಿಯಲ್ಲಿತ್ತು. "ಸಿಕ್ಕಿತಲ್ಲ!" ಎಂದೆ.

"ಅದು ಹೊರಬರುವ ಬಾಗಿಲು ಸ್ವಾಮಿ. ಕಳ್ಳ ಒಳಗಿದ್ದಾನೆ."

ಒಳಗಿನಿಂದ ಮನೆಯಾಕೆಯ ದನಿ ಬಂತು: "ನನ್ನ ಪೌಡರ್ ಡಬ್ಬಿ ಎಲ್ರೀ?"

ತನಿಖೆಗೆ ತಿರುವು ಕೊಟ್ಟವರು ಹೋಮಿಯೋಪತಿ ಡಾಕ್ತಾರ್‌ಬಾಬು. ಈ ನಗರಕ್ಕೂ ಹೋಮಿಯೋಪತಿಗೂ ಹಳೇ ನಂಟು. ಅಲೋಪತಿಯಲ್ಲಿ ಎಂ.ಡಿ. ಪಡೆದ ಮಹೇಂದ್ರಲಾಲ್ ಸರ್ಕಾರರು 1867ರಲ್ಲೇ ಆ ಕಡೆ ಹೊರಳಿದರು. ಅವರೇ 1876ರಲ್ಲಿ ಕಟ್ಟಿದ ವಿಜ್ಞಾನ ಸಂಸ್ಥೆಯಲ್ಲಿ ಮುಂದೆ ಸಿ.ವಿ. ರಾಮನ್ನರು ತಮ್ಮ ಬೆಳಕನ್ನು ಕಂಡರು. ರಾಯರಿಗೆ ಈ ಕಥೆ ಪಂಚಪ್ರಾಣ. "ರಾಮನ್ ನೊಬೆಲ್ ತಗೊಂಡು 1933ರಲ್ಲಿ ಇಲ್ಲಿಂದ ಬೆಂಗಳೂರಿಗೆ ಹೋದರು. ನಾನು ಯೆಜ್ಡಿ ತಗೊಂಡು ಅಲ್ಲಿಂದ ಇಲ್ಲಿಗೆ ಬಂದೆ. ಲೆಕ್ಕ ಚುಕ್ತಾ."

ಡಾಕ್ತಾರ್‌ಬಾಬು ಬೈಕನ್ನು ಮುಟ್ಟಲಿಲ್ಲ, ಪ್ರಶ್ನೆ ಕೇಳಿದರು. ಸೋರುವುದು ಬೆಳಿಗ್ಗೆ ಹೆಚ್ಚೋ ರಾತ್ರಿ ಹೆಚ್ಚೋ? ಓಡಾಡಿದರೆ ಕಡಿಮೆಯೋ? ಎಡಕ್ಕೆ ಒರಗಿದರೆ ಜಾಸ್ತಿಯೋ, ನೇರ ನಿಂತಾಗಲೋ? ಎಲ್ಲರೂ ಮುಸಿಮುಸಿ ನಕ್ಕರು. ರಾಯರು ನಗಲಿಲ್ಲ. ಸೈಡ್ ಸ್ಟ್ಯಾಂಡಿನಿಂದ ಗಾಡಿ ಎತ್ತಿ ಸೆಂಟರ್ ಸ್ಟ್ಯಾಂಡಿಗೆ ನಿಲ್ಲಿಸಿದರು. ಹನಿ ನಿಧಾನವಾಯಿತು. ಎಡಕ್ಕೆ ಒರಗಿಸಿದರು, ಮತ್ತೆ ಓಟ ಹಿಡಿಯಿತು. ಗಾಡಿ ವಾಲಿದಾಗ ಕಾರ್ಬುರೇಟರಿನ ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಓವರ್‌ಫ್ಲೋ ಬಾಯಿಗೆ ಏರುತ್ತಿತ್ತು. ಫ್ಲೋಟ್ ಮೇಲೆದ್ದಾಗ ನೀಡಲ್ ಹೋಗಿ ದಾರಿ ಮುಚ್ಚಬೇಕು. ಇಲ್ಲಿ ಅದು ಪೂರಾ ಮುಚ್ಚುತ್ತಿರಲಿಲ್ಲ. ಡಾಕ್ತಾರ್‌ಬಾಬು ಚಹಾ ಮುಗಿಸಿ ಫೀಸು ಕೇಳದೆ ಹೊರಟರು.

ಹೀಗೆ ಗಾಡಿ ಮಲ್ಲಿಕ್ ಬಜಾರಿಗೆ ಹೋಯಿತು. ಕಳೆದುಹೋದ ನಿಮ್ಮ ಗಾಡಿಯ ಕನ್ನಡಿಯನ್ನು ನೀವೇ ಮತ್ತೆ ಕೊಳ್ಳಬಹುದಾದ ಜಾಗವೆಂದು ಕೋಲ್ಕತ್ತದವರು ತಮಾಷೆ ಮಾಡುವ ಹಳೇ ಸ್ಪೇರ್ ಪಾರ್ಟ್ಸ್ ಸಂತೆ ಅದು. ಅಂಗಡಿಯ ಮುಂದೆ ನೆಲದಲ್ಲೇ ಕೂತಿದ್ದ ಹುಡುಗ ರಾಯರ ಭಾಷಣ 1973 ಮುಟ್ಟುವಷ್ಟರಲ್ಲಿ ಬಟ್ಟಲು ಬಿಚ್ಚಿದ್ದ. ತಳದಲ್ಲಿ ಟ್ಯಾಂಕಿನಿಂದ ಇಳಿದ ತುಕ್ಕಿನ ಚೂರುಗಳು. ನೀಡಲಿನ ಮೊನೆಗೆ ಸವೆದ ಉಂಗುರ. ನೀಡಲ್ ಕೂರುವ ಸೀಟು ತೊಳೆದ, ಡಬ್ಬಿ ಹುಡುಕಿ ನೀಡಲ್ ಬದಲಿಸಿದ, ಪ್ಯಾಕಿಂಗ್ ಹೊಸದು ಹಾಕಿದ. ಗಾಡಿಯನ್ನು ಎಡಕ್ಕೆ ಒರಗಿಸಿ, ಕಾಕ್ ತೆರೆದೇ ಇಟ್ಟು, ನಾವು ಕಾದೆವು. ಒಂದು ತೊಟ್ಟೂ ಬೀಳಲಿಲ್ಲ.

"ಹೋಯೆ ಗ್ಯಾಛೆ, ದಾದಾ. ದುಶೋ ಟಾಕಾ."

"ಇನ್ನೂರೇ?" ರಾಯರ ಮುಖ ಇಳಿಯಿತು. ಚೌಕಾಸಿ ಮಾಡಿ ಇಳಿಸುವವರನ್ನು ನೋಡಿದ್ದೇನೆ; ಇವರು ಏರಿಸಲು ನಿಂತರು. ಅಷ್ಟು ದಿನ ಅಷ್ಟು ಜನರ ಬುದ್ಧಿಗೆ ನಿಲುಕದ ಲೀಕಿಗೆ ಇನ್ನೂರು ರೂಪಾಯಿಯೇ? ಎಥನಾಲ್ ಏನೂ ಮಾಡಿಲ್ಲವೇ? ಫ್ಲೋಟ್ ತೂತಾಗಿರಬಹುದಲ್ಲ? ಹುಡುಗ ಫ್ಲೋಟನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿಯೂ ತೋರಿಸಿದ. ಒಳಗೆ ಪೆಟ್ರೋಲಿನ ಸದ್ದಿಲ್ಲ. ರಾಯರು ಸುಮ್ಮನೆ ದುಡ್ಡು ಎಣಿಸತೊಡಗಿದರು.

ಹುಡುಗ ಅವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. ಇಂಥ ಗಿರಾಕಿಗಳು ಅವನಿಗೆ ಹೊಸಬರಲ್ಲವೆಂದು ಕಾಣುತ್ತದೆ. ಮುಚ್ಚಳ ತೆಗೆದು ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟ, ನಾಲಿಗೆ ಲೊಚಗುಟ್ಟಿದ.

"ಎಷ್ಟು ತುಕ್ಕು! ಟ್ಯಾಂಕಿಟಾಓ ದೇಖ್ತೆ ಹೋಬೆ, ದಾದಾ."

"ನೋಡಲೇಬೇಕು," ಎಂದು ರಾಯರು ಅಲ್ಲೇ ಮಗುಚಿ ಬಿದ್ದಿದ್ದ ಬಕೆಟ್ಟಿನ ಮೇಲೆ ಕುಳಿತು, ಎಲ್ಲರಿಗೂ ಚಹಾ ತರಲು ಹೇಳಿದರು.