ಧ್ರುವನಿಗೆ ಅಡ್ಡ ನಿಂತ ಅಡಿಕೆ ಮರ

ಅಡಿಕೆ ಹಾಳೆ ಕಂಡು ಬೆಳೆದವರು ನಾವು. ಅದು ಊಟಕ್ಕೆ ತಟ್ಟೆ, ತಲೆಗೆ ಮುಟ್ಟಾಳೆ, ಸೆಕೆಗೆ ಬೀಸಣಿಗೆ. ಒಂದೇ ಕೆಲಸ ಮಾಡುವ ವಸ್ತುವಿಗೆ ಹಣ ಹಾಕಲು ನಮ್ಮ ಕಡೆಯವರಿಗೆ ಕೈ ಬರುವುದಿಲ್ಲ. ಹಾಗಾಗಿ ಟೆಲಿಸ್ಕೋಪಿನ ಹುಚ್ಚು ಹಿಡಿದಾಗ ಶರತ್ತು ಮೊದಲೇ ಹಾಕಿಕೊಂಡೆ: ಹಗಲು ಹಕ್ಕಿ ಕಾಣಬೇಕು, ರಾತ್ರಿ ನಕ್ಷತ್ರ.

ಮೂಡುಬಿದಿರೆಯ ಭಾವನದ್ದು ನಕ್ಷತ್ರದ ಪಕ್ಷ. “ಆರಿಂಚಿನ ಕನ್ನಡಿಯದ್ದು ತಗೊಳ್ಳಿ ಭಾವ. ಬಾಯಿ ದೊಡ್ಡದಿದ್ದಷ್ಟೂ ಬೆಳಕು ಜಾಸ್ತಿ” ಎಂದು ತಮ್ಮದನ್ನೇ ಅಂಗಳಕ್ಕೆ ತಂದಿಟ್ಟರು. ನ್ಯೂಟನ್ 1668ರಲ್ಲಿ ಮಾಡಿದ ಮಾದರಿ. ಕನ್ನಡಿ ಕೊಳವೆಯ ತಳದಲ್ಲಿ, ಕಣ್ಣಿಡುವುದು ಮೇಲ್ತುದಿಯ ಪಕ್ಕದಲ್ಲಿ. ಬೆಳಕಿರುವಾಗಲೇ ಗೋಳಿಮರಕ್ಕೆ ಗುರಿ ಹಿಡಿದೆ. ಮಂಗಟ್ಟೆ ಹಕ್ಕಿಯೊಂದು ಕಾಲು ಮೇಲಾಗಿ ಕುಳಿತು ಹಣ್ಣು ತಿನ್ನುತ್ತಿತ್ತು. ಕೊಕ್ಕಿನಿಂದ ಅದು ಮೇಲಕ್ಕೆ ಚಿಮ್ಮಿಸಿದ ಹಣ್ಣು ಕೆಳಕ್ಕೆ ಹಾರಿ, ಮತ್ತೆ ಮೇಲಕ್ಕೆ ಬಂದು ಬಾಯಿಗೆ ಬಿತ್ತು.

“ಶನಿಗೆ ತಲೆ ಯಾವುದು, ಕಾಲು ಯಾವುದು ಅಂತ ಯಾರು ಕೇಳ್ತಾರೆ?” ಎಂದರು ಭಾವ. ಅದು ನಿಜ. ಆದರೆ ಈ ಕೊಳವೆಯಲ್ಲಿ ನೆಟ್ಟಗೆ ಕಾಣುವ ಹಕ್ಕಿ ಚಿಟ್ಟುಗಿಳಿ ಒಂದೇ; ಅದು ನಿದ್ದೆ ಮಾಡುವುದೇ ತಲೆಕೆಳಗಾಗಿ ನೇತಾಡಿಕೊಂಡು.

ಸ್ಟ್ಯಾಂಡಿನದ್ದು ಇನ್ನೊಂದು ರಗಳೆ. ಭೂಮಿ ತಿರುಗಿದ ಹಾಗೆ ನಕ್ಷತ್ರದ ಬೆನ್ನು ಹಿಡಿಯಬೇಕಾದರೆ ಅದರ ಅಕ್ಷವನ್ನು ಧ್ರುವನಕ್ಷತ್ರದ ಕಡೆಗೆ ನೇರ ಮಾಡಬೇಕು. ಊರಿನ ಅಕ್ಷಾಂಶ ಎಷ್ಟೋ ಧ್ರುವ ದಿಗಂತದಿಂದ ಅಷ್ಟೇ ಎತ್ತರ; ನಮ್ಮದು 13 ಡಿಗ್ರಿಯ ಆಸುಪಾಸು. ಬಂಟ್ವಾಳದ ನಮ್ಮ ಅಂಗಳದಲ್ಲಿ 13 ಡಿಗ್ರಿಯೆಂದರೆ ಅಡಿಕೆ ಮರದ ಅರ್ಧ. ಮದುವೆಯಲ್ಲಾದರೆ ಪುರೋಹಿತರು ತೆಂಗಿನ ಗರಿಯತ್ತ ಕೈ ತೋರಿಸಿ “ಧ್ರುವ ಕಂಡಿತಾ?” ಎಂದಾಗ ಮದುಮಕ್ಕಳು “ಕಂಡಿತು” ಎಂದುಬಿಡುತ್ತಾರೆ, ಊಟಕ್ಕೆ ಹೊತ್ತಾಗಿರುತ್ತದೆ. ಸ್ಟ್ಯಾಂಡಿಗೆ ಅಂಥ ದಾಕ್ಷಿಣ್ಯವಿಲ್ಲ.

ಬೆಳ್ತಂಗಡಿಯ ಗೆಳೆಯ ಹಕ್ಕಿಯ ಪಕ್ಷ. ಅವನದ್ದು ಚಾರ್ಮಾಡಿಯ ಕಾಡಿಗೆ ಹೆಗಲಲ್ಲಿ ಹಾಕಿಕೊಂಡು ಹೋಗುವ ಸ್ಪಾಟಿಂಗ್ ಸ್ಕೋಪ್. ಒಳಗಿನ ಪ್ರಿಸಂ ಹಕ್ಕಿಯನ್ನು ನೆಟ್ಟಗೆ ಕೂರಿಸುತ್ತದೆ. 80 ಮಿಲಿಮೀಟರಿನ ಗಾಜು, 20ರಿಂದ 60 ಪಟ್ಟು. 60 ಇರುವುದು ಆಸೆ ಹುಟ್ಟಿಸುವುದಕ್ಕೆ. 80ನ್ನು 60ರಿಂದ ಭಾಗಿಸಿ: ಕಣ್ಣಿಗೆ ಬರುವ ಬೆಳಕಿನ ಎಳೆ ಒಂದೂಕಾಲು ಚಿಲ್ಲರೆ ಮಿಲಿಮೀಟರು ದಪ್ಪ, ಅಷ್ಟೆ. ಕಾಡಿನ ಮಬ್ಬಿನಲ್ಲಿ ಕೆಂಪು ಹೊಟ್ಟೆಯ ಕಾಕರಣೆ ಹಕ್ಕಿಯೂ ಮಸಿಯಾಗುತ್ತದೆ. 20ಕ್ಕೆ ಇಳಿಸಿದರೆ ಅದರ ಕಣ್ಣ ಸುತ್ತಲಿನ ನೀಲಿ ಸಹ ಕಾಣುತ್ತದೆ.

ರಾತ್ರಿ ಅದನ್ನೇ ಗುರುವಿನತ್ತ ತಿರುಗಿಸಿದ. ಗೆಲಿಲಿಯೊ 1610ರಲ್ಲಿ ಕಂಡ ನಾಲ್ಕು ಚಂದ್ರರೂ ಸಾಲಾಗಿ ಹಾಜರು. ಶನಿಗೆ ಬಳೆ ಉಂಟೆಂಬುದೂ ಖಾತ್ರಿಯಾಯಿತು. ಮಂಕು ಗೆಲಾಕ್ಸಿಗಳ ಆಸೆ ಮಾತ್ರ ಬಿಡಬೇಕು. ಕಣ್ಣಿಡುವ ಕೊಳವೆ 45 ಡಿಗ್ರಿ ಬಾಗಿರುವುದರಿಂದ ನೆತ್ತಿಯ ಮೇಲಿನದ್ದನ್ನು ನೋಡಲು ಅಂಗಳದಲ್ಲಿ ಅಂಗಾತ ಬೀಳಬೇಕಾಗಿಲ್ಲ. ಒಳಗೆ ತೇವ ಹೋಗದಂತೆ ಮುಚ್ಚಿರುವುದರಿಂದ ನಮ್ಮ ಮಳೆಗಾಲದಲ್ಲಿ ಗಾಜಿಗೆ ಬೇಗ ಫಂಗಸ್ ಹಿಡಿಯುವುದೂ ಇಲ್ಲ.

ಮಳೆಗಾಲ ಎಂದದ್ದೇ ತಡ, ಒಳಗಿನಿಂದ ಹೆಂಡತಿಯ ಮಾತು ಬಂತು: “ಜೂನ್‌ನಿಂದ ಸೆಪ್ಟೆಂಬರ್ ತನಕ ನಿಮ್ಮ ನಕ್ಷತ್ರ ಎಲ್ಲುಂಟು? 2018ರಿಂದ ಪಿಲಿಕುಳದಲ್ಲಿ ತಾರಾಲಯ ಉಂಟಲ್ಲ. ಅಲ್ಲಿ ಆಟಿಯಲ್ಲೂ ಮೋಡ ಇಲ್ಲ, ಸೊಳ್ಳೆಯೂ ಇಲ್ಲ.” ಇದಕ್ಕೆ ಎರಡೂ ಪಕ್ಷದವರ ಹತ್ತಿರ ಉತ್ತರ ಇರಲಿಲ್ಲ.

ತೀರ್ಪು ಕೊಟ್ಟದ್ದು ಪಕ್ಕದ ತೋಟದ ಶೆಟ್ರು. ಜಗಲಿಯಲ್ಲಿ ಕೂತು ವಾದವೆಲ್ಲ ಕೇಳಿಸಿಕೊಂಡು, “ಅದೆಲ್ಲ ಇರ್ಲಿ ಮಾರಾಯ್ರೆ, ಇದ್ರಲ್ಲಿ ಮಂಗ ಕಾಣ್ತದಾ?” ಎಂದರು.

“ಯಾವ ಮಂಗ?”

“ಬೊಂಡ ಕಿತ್ತು ಬಿಸಾಡುವ ಮಂಗ. ಗುಡ್ಡೆ ಇಳಿಯುವ ಮೊದಲೇ ಕಂಡ್ರೆ ನಾಯಿ ಬಿಡ್ಲಿಕ್ಕೆ ಆಗ್ತದೆ.”

ಸ್ಪಾಟಿಂಗ್ ಸ್ಕೋಪಿನಲ್ಲಿ ಚೆನ್ನಾಗಿ ಕಾಣುತ್ತದೆ, ಕನ್ನಡಿಯದ್ದರಲ್ಲಾದರೆ ಗುಡ್ಡೆ ಇಳಿಯುವ ಮಂಗ ಹತ್ತುವ ಹಾಗೆ ತೋರುತ್ತದೆ ಎಂದು ವಿವರಿಸಿದೆ. ಶೆಟ್ರಿಗೆ ಮತ್ತೆ ಸಂಶಯ ಉಳಿಯಲಿಲ್ಲ.

ಹಾಗೆ ಬಂದ ಸ್ಕೋಪು ಈಗ ಹಗಲು ಶೆಟ್ರ ಮಾಳಿಗೆಯಲ್ಲಿ ಮಂಗ ಕಾಯುತ್ತದೆ. ಹಕ್ಕಿಗೆ ಆದಿತ್ಯವಾರ ಮಾತ್ರ ಬಿಡುವು. ರಾತ್ರಿ ಪಾಳಿ ನನ್ನದು. ಮೊನ್ನೆ ಆಕಾಶ ತಿಳಿಯಾಗಿತ್ತು. “ಶೆಟ್ರೇ, ಬನ್ನಿ, ಶನಿ ತೋರಿಸ್ತೇನೆ” ಎಂದು ಕರೆದೆ.

“ಬೇಡ ಮಾರಾಯ್ರೆ” ಎಂದರು ಬೇಲಿಯಾಚೆಯಿಂದ, “ಬೆಳಗ್ಗಿನಿಂದ ನೋಡಿದ ಶನಿಗಳೇ ಸಾಕಾಗಿವೆ.”